ಪದ್ಮಮ್ಮನ ಸಾವಿಗೆ ಯಾರೂ ಹೊಣೆಯಲ್ಲವಂತೆ

ಶ್ಯಾಮಸುಂದರ್ ಎಂಬ ಮನುಷ್ಯ ನಾಳೆ ನನ್ನೆದುರು ಬಂದು ನಿಂತರೂ ನಾನು ನಮಸ್ಕಾರ ಹೇಳುವುದಿಲ್ಲ. ಆಗ ನಾವೆಲ್ಲ ಅವನನ್ನು ಸರ್ ಎನ್ನುತ್ತಿದ್ದೆವು. ಈಗ ಬಹುವಚನ ನನ್ನ ಬಾಯಿಗೆ ಬರುವುದಿಲ್ಲ. "ಇಷ್ಟು ವರ್ಷ ಆಯ್ತು, ಇನ್ನಾದರೂ ಬಿಡು ಮಾರಾಯ್ತಿ" ಎಂದು ನನ್ನ ಗಂಡ ತಿಲಕ್ ಹೇಳುತ್ತಾರೆ. ನನಗೆ ಮಾಡಿದ್ದನ್ನಾದರೆ ಬಿಡಬಹುದಿತ್ತೋ ಏನೋ. ಪದ್ಮಮ್ಮನಿಗೆ ಮಾಡಿದ್ದನ್ನು ಬಿಡಲಿಕ್ಕೆ ನಾನು ಯಾರು?

ನಾವು ಆಗ ಕುವೈತಿನ ಸಾಲ್ಮಿಯಾದಲ್ಲಿ, ಸಮುದ್ರಕ್ಕೆ ಎರಡು ಗಲ್ಲಿ ಹಿಂದೆ ಒಂದು ಹಳೆಯ ಬಿಲ್ಡಿಂಗಿನಲ್ಲಿ ಇದ್ದೆವು. ತಿಲಕ್‌ಗೆ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಶಿಯನ್ ಕೆಲಸ, ನನಗೆ ಸಿಟಿಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಂಗ್. ಮುಲ್ಕಿಯಿಂದ ಬಂದ ನನಗೆ ಆ ಊರು ಒಂದು ದೊಡ್ಡ ಜಾತ್ರೆಯ ಹಾಗೆ ಕಂಡಿತ್ತು. ಸಂಜೆ ಸಮುದ್ರದ ಬದಿಯ ರಸ್ತೆಯಲ್ಲಿ ಕಾರುಗಳು ಸುಮ್ಮನೆ ಹಿಂದೆ ಮುಂದೆ ಹೋಗುತ್ತಿದ್ದವು. ಫುಟ್‌ಪಾತಿನಲ್ಲಿ ನಡೆದರೆ ಮೇಲಿನ ಕಿಟಕಿಯ ಏಸಿಗಳಿಂದ ತಲೆಯ ಮೇಲೆ ಹನಿ ಬೀಳುತ್ತಿತ್ತು. ಒಂದು ಅಂಗಡಿಯಲ್ಲಿ ಅರಬ್ಬಿ, ಇನ್ನೊಂದರಲ್ಲಿ ಮಲಯಾಳ, ಮೂರನೆಯದರಲ್ಲಿ ಹಿಂದಿ. ಅಷ್ಟು ಜನರ ನಡುವೆ ಅತ್ತರೂ ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ನನಗೆ ನಮ್ಮ ಮಗು ಹೋದ ಮೇಲೆ ಗೊತ್ತಾಯಿತು.

ದಿನ ತುಂಬಿದ ಹೆಣ್ಣು ಮಗು. ಹುಟ್ಟುವಾಗಲೇ ಉಸಿರಿರಲಿಲ್ಲ. ಬಂದವರೆಲ್ಲ "ದೇವರು ಇನ್ನೊಂದು ಕೊಡ್ತಾನೆ" ಎಂದರು. ಊರಿಂದ ಬಂದ ಫೋನಿನಲ್ಲೂ ಅದೇ ಮಾತು. ಹೋದ ಆ ಒಂದರ ಬಗ್ಗೆ ಮಾತಾಡಲಿಕ್ಕೆ ಯಾರಿಗೂ ಮನಸ್ಸಿರಲಿಲ್ಲ.

ನಮ್ಮ ಕೆಳಗಿನ ಮಹಡಿಯಲ್ಲಿ ಮನೀಷ್ ಎಂಬ ಹುಡುಗ ಇದ್ದ. ಬ್ಯಾಂಕಿನಲ್ಲಿ ಕೆಲಸ, ಮದುವೆಯಾಗಿರಲಿಲ್ಲ, ತಾಯಿ ಪದ್ಮಮ್ಮನನ್ನು ಮಂಡ್ಯದಿಂದ ಕರೆಸಿಕೊಂಡಿದ್ದ. ನನ್ನನ್ನು ಆಶಕ್ಕ ಎನ್ನುತ್ತಿದ್ದ. ಅವನೇ ಒಂದು ದಿನ, "ಆಶಕ್ಕ, ನೀವು ನಮ್ಮ ಬಳಗಕ್ಕೆ ಒಂದ್ಸಲ ಬನ್ನಿ. ಅಲ್ಲಿ ಕೇಳಿಸ್ಕೊಳ್ತಾರೆ" ಎಂದ. ಕೇಳಿಸಿಕೊಳ್ಳುತ್ತಾರೆ ಎಂಬ ಆ ಒಂದು ಮಾತಿಗೆ ನಾನು ಹೋದೆ.

ಮನಃಶುದ್ಧಿ ಬಳಗ ಎಂದು ಅದರ ಹೆಸರು. ಆ ದೇಶದಲ್ಲಿ ಇಂಥದಕ್ಕೆಲ್ಲ ಬೋರ್ಡು ಹಾಕುವಂತಿಲ್ಲ, ಕೇಳಿದವರಿಗೆ ಯೋಗ ಕ್ಲಾಸ್ ಎನ್ನಬೇಕು. ನಮ್ಮ ಬಿಲ್ಡಿಂಗಿನಿಂದ ಸ್ವಲ್ಪ ಆಚೆ ಶ್ಯಾಮಸುಂದರನ ದೊಡ್ಡ ಫ್ಲ್ಯಾಟಿನಲ್ಲಿ ಶುಕ್ರವಾರ ಬೆಳಿಗ್ಗೆ ಸೇರುವುದು. ಅವನು ಮೈಸೂರಿನ ಇಂಜಿನಿಯರ್. ಲಂಡನ್ನಿನಲ್ಲಿ ಓದುವಾಗ ಯಾವುದೋ ಹೊಸ ಪಂಥದ ಚರ್ಚಿಗೆ ಹೋಗುತ್ತಿದ್ದನಂತೆ, ಅದನ್ನು ಬಿಟ್ಟು ಬಂದು ತನ್ನದೇ ಒಂದನ್ನು ಕಟ್ಟಿದ್ದ. ಅವನ ಹೆಂಡತಿ ಭಾಗೀರಥಮ್ಮ ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು. ಅವರ ಸ್ವರ ನಾನು ಸರಿಯಾಗಿ ಕೇಳಿದ್ದೇ ಇಲ್ಲ.

ಒಳಗಿನ ಕೋಣೆಯಲ್ಲಿ ಒಂದು ಪೆಟ್ಟಿಗೆ. ಅದರ ಮುಖದಲ್ಲಿ ಗಡಿಯಾರದಲ್ಲಿರುವ ಹಾಗೆ ಒಂದು ಮುಳ್ಳು. ಎರಡು ಹಿತ್ತಾಳೆ ಕೊಳವೆಗಳನ್ನು ಎರಡು ಕೈಯಲ್ಲಿ ಹಿಡಿದು ಕುಳಿತುಕೊಳ್ಳಬೇಕು. ಅವನು ಪ್ರಶ್ನೆ ಕೇಳುತ್ತಾ ಹೋಗುವುದು, ನಾವು ಹೇಳುತ್ತಾ ಹೋಗುವುದು. ಮುಳ್ಳು ಅಲ್ಲಾಡಿದರೆ ಅಲ್ಲಿ ಹಳೆಯ ನೋವು ಸಿಕ್ಕಿಕೊಂಡಿದೆ ಎಂದು ಅರ್ಥ. ಅದನ್ನು ಮತ್ತೆ ಮತ್ತೆ ಹೇಳಿ ಮುಳ್ಳು ಸುಮ್ಮನಾದರೆ ಒಂದು ಮೆಟ್ಟಿಲು ದಾಟಿದ ಹಾಗೆ. ಎಲ್ಲ ಮೆಟ್ಟಿಲು ದಾಟಿದವನನ್ನು ರೋಗ, ದುಃಖ, ಅಪಘಾತ ಯಾವುದೂ ಮುಟ್ಟುವುದಿಲ್ಲವಂತೆ.

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಅಲ್ಲಿ ಸುಖವಾಯಿತು. ಮಗುವಿಗೆ ನಾವು ಇಡಬೇಕೆಂದಿದ್ದ ಹೆಸರು, ಅದರ ಉಗುರು, ನರ್ಸು ಅದನ್ನು ಬಟ್ಟೆಯಲ್ಲಿ ಸುತ್ತಿದ ರೀತಿ, ಎಲ್ಲ ಹೇಳಿದೆ. ಅವನು ಅಡ್ಡ ಬಾಯಿ ಹಾಕದೆ ಕೇಳಿದ. ನಾನು ಬಸುರಿಯಾದ ಹೊಸತರಲ್ಲಿ, ಕೆಲಸ ಹೋದೀತು, ಈಗಲೇ ಬೇಡವಿತ್ತು ಎಂದು ಒಮ್ಮೆ ಅಂದುಕೊಂಡದ್ದನ್ನೂ ಹೇಳಿದೆ. ಯಾವ ಹೆಂಗಸು ಅಂದುಕೊಳ್ಳುವುದಿಲ್ಲ ಹೇಳಿ?

ಮುಳ್ಳು ಅಲ್ಲಾಡಿತು. ಅವನು ಮೆಲ್ಲಗೆ, ಪ್ರೀತಿಯಿಂದ ಎಂಬ ಹಾಗೆ ಹೇಳಿದ: "ಸಿಕ್ಕಿತು ನೋಡಿ. ಬೇಡ ಅಂದಿರಿ, ಅದು ಹೋಯಿತು. ನಮಗೆ ಆಗೋದನ್ನೆಲ್ಲ ನಾವೇ ಕರೆಸಿಕೊಳ್ತೀವಿ. ಒಪ್ಪಿಕೊಳ್ಳಿ, ಹಗುರ ಆಗ್ತೀರಿ."

ನಾನು ಒಪ್ಪಿಕೊಂಡೆ. ತಿಂಗಳುಗಟ್ಟಲೆ ನನ್ನ ಮಗುವನ್ನು ನಾನೇ ಕೊಂದೆ ಎಂದು ನಂಬಿಕೊಂಡು ಆಫೀಸಿಗೆ ಹೋದೆ, ಅನ್ನ ಬೇಯಿಸಿದೆ, ತಿಲಕ್ ಬಗಲಲ್ಲಿ ಮಲಗಿದೆ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಆ ಕೆಸರಿನಿಂದ ನನ್ನನ್ನು ಎಳೆದದ್ದು ಪದ್ಮಮ್ಮ. ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಸೆರಗಿನಿಂದ ಮುಚ್ಚಿದ ಒಂದು ಡಬ್ಬಿ. ಅದರೊಳಗೆ ಇನ್ಸುಲಿನ್ ಬಾಟಲಿಗಳು, ಸಿರಿಂಜು.

"ನಿನ್ನ ಫ್ರಿಜ್ಜಲ್ಲಿ ಇಟ್ಕೋತೀಯೇನೇ ತಾಯಿ? ಮಗ ನೋಡಬಾರದು" ಎಂದರು.

ಪದ್ಮಮ್ಮನಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ದಿನಾ ಚುಚ್ಚಿಸಿಕೊಳ್ಳಬೇಕು. ಔಷಧಿ ಮೈಯಲ್ಲಿದ್ದರೆ ಮುಳ್ಳು ಸರಿಯಾಗಿ ತೋರಿಸುವುದಿಲ್ಲ, ರೋಗ ಭಯದಿಂದ ಬರುವುದು, ಭಯ ಬಿಟ್ಟರೆ ಅದೂ ಬಿಡುತ್ತದೆ ಎಂದು ಶ್ಯಾಮಸುಂದರ್ ಹೇಳಿದ್ದ. ಮನೀಷ್ ಅದನ್ನು ನಂಬಿದ್ದ. ಅವನ ಅಪ್ಪ ಅದೇ ಕಾಯಿಲೆಯಲ್ಲಿ ಕಾಲು ಕತ್ತರಿಸಿಕೊಂಡು, ಆಸ್ಪತ್ರೆಯಲ್ಲೇ ಸತ್ತದ್ದನ್ನು ನೋಡಿದವನು. ಅಮ್ಮನಿಗೆ ಹಾಗಾಗಬಾರದು ಎಂಬ ಆಸೆ ಅವನ ಕಣ್ಣು ಕಟ್ಟಿತ್ತು.

"ನೀವು ಅವನಿಗೆ ಹೇಳಿ ಅಮ್ಮ, ನನಗೆ ಇದು ಬೇಕು ಅಂತ."

"ಹೇಳಿದ್ರೆ ಅವನ ಮುಖ ನೋಡಕ್ಕಾಗಲ್ಲ ಕಣೇ. ನನ್ನ ಉಳಿಸ್ಕೋತಾ ಇದೀನಿ ಅಂದ್ಕೊಂಡಿದಾನೆ. ಅವನಿಗೂ ಬೇಜಾರಾಗದು ಬೇಡ, ನನಗೂ ಸಾಯದು ಬೇಡ. ನೀನು ಚುಚ್ಚು."

ದಿನಾ ಬೆಳಿಗ್ಗೆ ಬರುತ್ತಿದ್ದರು. ನಾನು ಹೊಟ್ಟೆಯ ಬದಿಗೆ ಚುಚ್ಚುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಊರಿನ ಸಂತೆಯ ಕಥೆ ಹೇಳುತ್ತಿದ್ದರು. ಒಂದು ದಿನ ನಾನು ಮಗುವಿನ ವಿಷಯ ಹೇಳಿಬಿಟ್ಟೆ, ನಾನೇ ಕೊಂದದ್ದು ಎಂದು. ಪದ್ಮಮ್ಮ ಕಣ್ಣು ಬಿಟ್ಟರು.

"ಯಾವ ಬೋಳಿಮಗ ಹೇಳಿದ್ದು ನಿಂಗೆ?" ಎಂದರು. "ನಾನು ಮನೀಷ ಹೊಟ್ಟೆಲಿದ್ದಾಗ ಪರಂಗಿ ಹಣ್ಣು ತಿಂದು, ಎಳ್ಳು ತಿಂದು, ಹೋಗ್ಲಿ ಅಂತ ಏನೆಲ್ಲ ಮಾಡಿದ್ದೆ ಗೊತ್ತಾ? ಮೇಲೆ ಮೂರು ಹೆಣ್ಣಿದ್ವು, ತಿನ್ನಕ್ಕೆ ಇರಲಿಲ್ಲ. ಹೋದ್ನಾ ಅವನು? ಗುಂಡುಕಲ್ಲಿನ ಹಂಗೆ ಹುಟ್ಟಿದ. ಅಂದ್ಕೊಂಡಿದ್ದಕ್ಕೆಲ್ಲ ಮಕ್ಕಳು ಸಾಯೋ ಹಂಗಿದ್ರೆ ಭೂಮಿ ಮೇಲೆ ಮಕ್ಕಳೇ ಇರ್ತಿರಲಿಲ್ಲ."

ನಾನು ನಕ್ಕೆ. ಅತ್ತೆ. ಆ ದಿನ ಆಫೀಸಿಗೆ ಹೋಗಲಿಲ್ಲ. ಆ ಶುಕ್ರವಾರದಿಂದ ಬಳಗಕ್ಕೂ ಹೋಗಲಿಲ್ಲ.

ಆದರೆ ಪದ್ಮಮ್ಮ ಮಗನ ಜೊತೆ ಹೋಗಲೇಬೇಕಿತ್ತು. ಜುಲೈಯಲ್ಲಿ ಒಂದು ಶುಕ್ರವಾರ ಕೊಳವೆ ಹಿಡಿದು ಕೂತಾಗ ಮುಳ್ಳು ಅಲ್ಲಾಡಿತಂತೆ. ಏನೋ ಮುಚ್ಚಿಡುತ್ತಿದ್ದೀರಿ ಎಂದು ಅವನು ಬಿಡದೆ ಕೇಳಿದನಂತೆ. ಮಗನ ಎದುರಿಗೇ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುದುಕಿ, ಹೇಳಿಬಿಟ್ಟರು.

ಮಧ್ಯಾಹ್ನ ಮನೀಷ್ ನಮ್ಮ ಮನೆಗೆ ಬಂದು ನೆಟ್ಟಗೆ ಅಡಿಗೆಮನೆಗೆ ನುಗ್ಗಿದ. ಡಬ್ಬಿ ತೆಗೆದು ಬಾಟಲಿಗಳನ್ನು ಸಿಂಕಿನಲ್ಲಿ ಒಡೆದ.

"ನಿಮ್ಮನ್ನ ಅಕ್ಕ ಅಂದುಕೊಂಡಿದ್ದೆ. ನಮ್ಮಮ್ಮನ್ನ ರೋಗಿಯಾಗೇ ಇಡಬೇಕಾ ನಿಮಗೆ? ಸರ್ ಹೇಳಿದ್ರು, ನೀವು ಕತ್ತಲೆಯವರು ಅಂತ. ಇನ್ಮೇಲೆ ಅಮ್ಮನ ಜೊತೆ ಮಾತಾಡಬೇಡಿ."

ಬಳಗದಲ್ಲಿ ಅದಕ್ಕೊಂದು ನಿಯಮ ಇತ್ತು. ಬಿಟ್ಟುಹೋದವರು ಕತ್ತಲೆಯವರು, ಅವರ ಜೊತೆ ಮಾತು ಇಲ್ಲ. ಮಾರನೆಯ ದಿನದಿಂದ ಅವನು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗತೊಡಗಿದ. ನಾನು ಬಾಗಿಲು ತಟ್ಟಿದರೆ ಒಳಗಿನಿಂದ ಪದ್ಮಮ್ಮ, "ಚೆನ್ನಾಗಿದೀನಿ, ಹೋಗೇ" ಎನ್ನುತ್ತಿದ್ದರು. ಸ್ವರ ದಿನದಿಂದ ದಿನಕ್ಕೆ ಒಣಗುತ್ತಿತ್ತು.

ತೊಂಬತ್ತನೇ ಇಸವಿಯ ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ಬಂದವು. ತಿಲಕ್ ರಿಫೈನರಿಯಲ್ಲಿ ಸಿಕ್ಕಿಬಿದ್ದವರು ಎರಡು ದಿನ ಕಳೆದು ಯಾರದೋ ಪಿಕಪ್‌ನಲ್ಲಿ ಬಂದರು. ಫೋನ್ ಸತ್ತುಹೋಗಿತ್ತು. ಅಂಗಡಿಗಳನ್ನು ಲೂಟಿ ಮಾಡಿದರು. ಗ್ಲಾಸು ಚೂರಿನ ಮೇಲೆ ನಡೆದು ಖುಬ್ಬೂಸ್ ರೊಟ್ಟಿಗೆ ಸಾಲು ನಿಲ್ಲಬೇಕಿತ್ತು. ಸಮುದ್ರದ ಬದಿಯ ರಸ್ತೆಯಲ್ಲಿ ಮರಳಿನ ಚೀಲ, ಬಂದೂಕು. ಅಷ್ಟು ದೊಡ್ಡ ಊರು ಒಂದು ವಾರದಲ್ಲಿ ಬಾಯಿ ಮುಚ್ಚಿ ಕೂತಿತು.

ಶ್ಯಾಮಸುಂದರ್ ಆ ಶುಕ್ರವಾರವೂ ಬಳಗ ಸೇರಿಸಿ, ಭಯ ಇರುವವರಿಗೆ ಮಾತ್ರ ಗುಂಡು ತಾಗುವುದು, ಯಾರೂ ಊರು ಬಿಡಬೇಡಿ ಎಂದನಂತೆ. ಮುಂದಿನ ಶುಕ್ರವಾರ ಹೋದವರಿಗೆ ಬಾಗಿಲಿಗೆ ಬೀಗ ಕಂಡಿತು. ಹೆಂಡತಿಯನ್ನು ಕರೆದುಕೊಂಡು, ಕಾರಿನ ತುಂಬ ನೀರು, ಪೆಟ್ರೋಲು ತುಂಬಿಸಿಕೊಂಡು ಬಾಗ್ದಾದ್ ರಸ್ತೆ ಹಿಡಿದಿದ್ದ. "ನಮಗೆಲ್ಲ ದಾರಿ ಮಾಡೋದಕ್ಕೆ ಹೋಗಿದ್ದಾರೆ" ಎಂದ ಮನೀಷ್. ಅವನಿಗೆ ಬ್ಯಾಂಕೂ ಇರಲಿಲ್ಲ, ಸರ್‌ ಕೂಡ ಇರಲಿಲ್ಲ. ಬಾಗಿಲಿಗೆ ಬೀಗ ಹಾಕುವುದನ್ನು ನಿಲ್ಲಿಸಿದ.

ನಾನು ಒಳಗೆ ಹೋದೆ. ಪದ್ಮಮ್ಮ ಅರ್ಧ ಆಗಿದ್ದರು. ಕಾಲಿನ ಹೆಬ್ಬೆರಳಿನ ಹುಣ್ಣು ಕಪ್ಪಾಗಿತ್ತು. ಚೊಂಬುಗಟ್ಟಲೆ ನೀರು ಕುಡಿದರೂ ಬಾಯಾರಿಕೆ. ನಮ್ಮ ಪಕ್ಕದ ಬಿಲ್ಡಿಂಗಿನ ಮರಿಯಮ್ ಬೀವಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು, ಉಳ್ಳಾಲದ ಕಡೆಯವರು. ಔಷಧಿಗಳನ್ನೆಲ್ಲ ಸೈನಿಕರು ಲಾರಿಗೆ ತುಂಬಿಸುತ್ತಿದ್ದ ಹೊತ್ತಿನಲ್ಲಿ ಬುರ್ಖಾದೊಳಗೆ ಒಂದು ಬಾಟಲಿ ಇನ್ಸುಲಿನ್ ಅಡಗಿಸಿ ತಂದುಕೊಟ್ಟರು. "ಸಿಕ್ಕಿದ್ರೆ ನನ್ನನ್ನು ಅಲ್ಲೇ ಶೂಟ್ ಮಾಡ್ತಿದ್ರು ಮಗಾ" ಎಂದು ನಕ್ಕರು. ಮನೀಷ್ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ನಾನು ಚುಚ್ಚುವಾಗ ಎದ್ದು ಬಾಲ್ಕನಿಗೆ ಹೋದ.

ಆ ಬಾಟಲಿಯಿಂದ ಪದ್ಮಮ್ಮ ಎದ್ದು ಕೂರುವಷ್ಟಾದರು. ಸೆಪ್ಟೆಂಬರಿನಲ್ಲಿ ನಮಗೆ ಬಸ್ಸು ಸಿಕ್ಕಿತು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಗೆ. ಉಳಿದಿದ್ದ ಇನ್ಸುಲಿನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬಟ್ಟೆ ಒದ್ದೆ ಮಾಡಲಿಕ್ಕೆ ನೀರು ಎಲ್ಲಿತ್ತು? ಆ ಕಾವಿನಲ್ಲಿ ಅದು ಕೆಟ್ಟಿತು. ಗಡಿಯ ಮರುಭೂಮಿಯಲ್ಲಿ ಡೇರೆಗಳು, ಸಾವಿರಾರು ಜನ, ಟ್ಯಾಂಕರ್ ಬಂದರೆ ಹೊಡೆದಾಟ. ಒಂದು ದಿನ ಬೆಳಿಗ್ಗೆ ಮನೀಷ್ ಮತ್ತು ತಿಲಕ್ ನೀರಿಗೆ ಹೋದರು. ಪದ್ಮಮ್ಮನ ತಲೆ ನನ್ನ ತೊಡೆಯ ಮೇಲಿತ್ತು. ನೀರಿಗೆ ಹೋದವರು ಬರುವ ಮೊದಲೇ ಎಲ್ಲ ಮುಗಿಯಿತು.

ಸುಡಲಿಕ್ಕೆ ಆ ಮರಳಿನಲ್ಲಿ ಒಂದು ಕಡ್ಡಿ ಇರಲಿಲ್ಲ. ಜೋರ್ಡಾನಿನ ಸೈನಿಕರು ಗುಂಡಿ ತೆಗೆದುಕೊಟ್ಟರು. ಮನೀಷ್ ನೀರಿನ ಕ್ಯಾನನ್ನು ಕೈಯಿಂದ ಇಳಿಸಲೇ ಇಲ್ಲ, ಹಿಡಿದುಕೊಂಡೇ ನಿಂತಿದ್ದ. ಅಮ್ಮಾನಿನಿಂದ ವಿಮಾನ ಸಿಕ್ಕಿತು. ಬಾಂಬೆಯಲ್ಲಿ ಅವನು ನಮಗೆ ಹೇಳದೆ ಜನರಲ್ಲಿ ಸೇರಿಹೋದ.

ಮರುವರ್ಷ ಯುದ್ಧ ಮುಗಿದ ಮೇಲೆ ತಿಲಕ್‌ಗೆ ಕಂಪನಿಯಿಂದ ಕರೆ ಬಂತು, ಆಗಸ್ಟಿನ ಹೊತ್ತಿಗೆ ನಾನೂ ಹೋದೆ. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಆ ಕಡೆಯಿಂದ ಬೀಸಿದರೆ ಹಗಲಿಗೇ ಲೈಟು ಹಾಕಬೇಕು, ಒಣಗಲು ಹಾಕಿದ ಬಟ್ಟೆಯ ಮೇಲೆ ಮಸಿ. ಒಂದು ದಿನ ತರಕಾರಿ ಅಂಗಡಿಯಲ್ಲಿ ಒಬ್ಬರು ಹೇಳಿದರು, ಶ್ಯಾಮಸುಂದರ್ ಸರ್ ಬಂದಿದ್ದಾರೆ, ಅದೇ ಫ್ಲ್ಯಾಟಿನಲ್ಲಿ ಬಳಗ ಮತ್ತೆ ಶುರುವಾಗಿದೆ, ಮನೀಷ್ ಅಂತ ಒಬ್ಬರು ಎಲ್ಲ ನೋಡಿಕೊಳ್ಳುತ್ತಾರೆ.

ಕೈಯಲ್ಲಿದ್ದ ಬದನೆಕಾಯಿ ಅಲ್ಲೇ ಬಿಟ್ಟು ಮನೆಗೆ ಬಂದೆ. ಶುಕ್ರವಾರ ಹೋದೆ. ತಿಲಕ್ ತಡೆದರು, ಕೇಳಲಿಲ್ಲ.

ಹಾಲ್ ತುಂಬಿತ್ತು. ಯುದ್ಧದಿಂದ ಸೋತು ಬಂದವರು, ಮನೆ ಸಾಮಾನು ಕಳೆದುಕೊಂಡವರು, ನಿದ್ದೆ ಬಾರದವರು. ಎಲ್ಲರಿಗೂ ಯಾರಾದರೂ ಕೇಳಿಸಿಕೊಳ್ಳುವವರು ಬೇಕಿತ್ತು. ನಾನು ಹಿಂದೆ ಕೂತೆ. ಅವನು ಕಣ್ಣು ಅರ್ಧ ಮುಚ್ಚಿ ಹೇಳುತ್ತಿದ್ದ:

"ನಮ್ಮ ಪದ್ಮಮ್ಮನವರು ಮರುಭೂಮಿಯಲ್ಲಿ ದೇಹ ಬಿಟ್ಟರು. ನೋವಿಲ್ಲ, ಭಯವಿಲ್ಲ, ಔಷಧಿಯ ಹಂಗಿಲ್ಲ. ಎಲ್ಲ ಮೆಟ್ಟಿಲು ದಾಟಿದವರು ಹೇಗೆ ಹೋಗ್ತಾರೆ ಅನ್ನೋದಕ್ಕೆ ಅವರೇ ಸಾಕ್ಷಿ. ಅವರು ಹೋಗೋ ಗಳಿಗೆಯನ್ನ ಅವರೇ ಆರಿಸಿಕೊಂಡರು."

ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ನೀವು ಅಲ್ಲಿ ಇದ್ದಿರಾ?" ಎಂದೆ.

ಎಲ್ಲರೂ ತಿರುಗಿದರು. ಅವನಿಗೆ ನನ್ನ ಗುರುತಾಯಿತು. "ಆಶಾಲತಾ, ಕೂತುಕೊಳ್ಳಿ. ನಿಮ್ಮೊಳಗೆ ತುಂಬ ಕೋಪ ಇದೆ" ಎಂದ.

"ಉಂಟು. ಕೋಪ ಉಂಟು. ಪದ್ಮಮ್ಮನ ಕಾಲು ಕೊಳೆತದ್ದು ನೋಡಿದ್ದೀರಾ? ಆ ವಾಸನೆಗೆ ನೊಣ ಓಡಿಸುತ್ತಾ ಕೂತವಳು ನಾನು. ನೀರು ನೀರು ಅಂತ ಬಾಯಿ ಬಿಟ್ಟುಕೊಂಡು ಸತ್ತರು. ಆಗ ನೀವೆಲ್ಲಿದ್ದಿರಿ? ಯಾರೂ ಊರು ಬಿಡಬೇಡಿ ಅಂತ ಹೇಳಿ, ಕಾರು ತುಂಬಿಸಿಕೊಂಡು ಓಡಿಹೋದವರು ನೀವು. ನನ್ನ ಮಗುವನ್ನು ನಾನು ಕೊಂದದ್ದು ಅಂದಿರಿ. ಪದ್ಮಮ್ಮ ತಾವೇ ಆರಿಸಿಕೊಂಡದ್ದು ಅಂತೀರಿ. ನಿಮ್ಮ ಈ ಪೆಟ್ಟಿಗೆಯ ಮುಳ್ಳು ಒಂದು ಸಲವಾದರೂ ನಿಮ್ಮ ಕಡೆ ತಿರುಗಿದ್ದು ಉಂಟಾ?"

ಅಡಿಗೆಮನೆಯ ಬಾಗಿಲಲ್ಲಿ ಭಾಗೀರಥಮ್ಮ ಕಾಫಿ ತಟ್ಟೆ ಹಿಡಿದು ನಿಂತಿದ್ದರು. ಅವರು ತಲೆ ತಗ್ಗಿಸಿದರು. ಶ್ಯಾಮಸುಂದರ್ ಬಾಯಿ ತೆರೆಯುವ ಮೊದಲು ಮುಂದಿನ ಸಾಲಿನಿಂದ ಮನೀಷ್ ಎದ್ದ. ಕೂದಲು ಉದುರಿತ್ತು, ಗುರುತು ಸಿಗದಷ್ಟು ಬಡವಾಗಿದ್ದ.

"ನಮ್ಮಮ್ಮನ ವಿಷಯ ಮಾತಾಡೋಕೆ ನೀವ್ಯಾರ್ರೀ?" ಎಂದು ಕಿರುಚಿದ. "ಅಮ್ಮ ನೆಮ್ಮದಿಯಾಗೇ ಹೋದರು. ನೀವು ಸುಳ್ಳು ಹೇಳ್ತಾ ಇದ್ದೀರಿ. ಹೊರಗೆ ನಡೀರಿ!"

ಅವನು ನನ್ನ ರಟ್ಟೆ ಹಿಡಿದು ಬಾಗಿಲ ತನಕ ಎಳೆದ. ಅಷ್ಟು ಜನರಲ್ಲಿ ಒಬ್ಬರೂ ಎದ್ದು ಬಿಡಿಸಲಿಲ್ಲ. ನನ್ನ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಎಸೆದು ಬಾಗಿಲು ಹಾಕಿಕೊಂಡರು.

ಮುಂದಿನ ಶುಕ್ರವಾರ ನಾನು ಆ ಬಿಲ್ಡಿಂಗಿನ ಗೇಟಿನ ಹೊರಗೆ ನಿಂತೆ. ಬಳಗಕ್ಕೆ ಬಂದ ಒಬ್ಬೊಬ್ಬರಿಗೂ ಹೇಳಿದೆ: ಮೇಲೆ ಹೋಗುವವರು ಹೋಗಿ, ಆದರೆ ಶುಗರಿನ ಮದ್ದು, ಬೀಪಿಯ ಮದ್ದು ಬಿಡಬೇಡಿ, ಒಬ್ಬರು ಹೀಗೆ ಸತ್ತಿದ್ದಾರೆ. ಕೆಲವರು ಮುಖ ತಿರುಗಿಸಿದರು. ಒಬ್ಬರು ಹುಚ್ಚು ಎಂದರು. ಶ್ಯಾಮಸುಂದರ್ ವಾಚ್‌ಮನ್ ಮೊಯ್ದೀನ್ ಕುಂಞಿಯನ್ನು ಕಳಿಸಿ ನನ್ನನ್ನು ಓಡಿಸಲು ಹೇಳಿದ. ಅವರು ಕಾಸರಗೋಡಿನವರು. ಬಂದು ನನ್ನ ಮಾತೆಲ್ಲ ಕೇಳಿ, ಮೇಲಕ್ಕೆ ಮುಖ ಮಾಡಿ ಕೂಗಿ ಹೇಳಿದರು: "ಸಾರ್, ಗೇಟಿನ ಒಳಗೆ ನನ್ನ ಡ್ಯೂಟಿ. ಹೊರಗೆ ರೋಡು. ರೋಡು ನನ್ನದಲ್ಲ."

ಹೀಗೆ ಶುಕ್ರವಾರಗಳು ಹೋದವು. ಚಿನ್ಮಯಿ ಎಂಬ ಹೊಸ ಮದುಮಗಳು ಮಾತ್ರ ನಿಂತು, ತನ್ನ ಫಿಟ್ಸಿನ ಮಾತ್ರೆ ನಿಲ್ಲಿಸಲು ಹೇಳಿದ್ದಾರೆ ಎಂದು ಪಿಸುಗುಟ್ಟಿದಳು. ಅವಳನ್ನು ಅಲ್ಲಿಂದಲೇ ಟ್ಯಾಕ್ಸಿ ಹತ್ತಿಸಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವಳು ಮತ್ತೆ ಬಳಗಕ್ಕೆ ಹೋಗಲಿಲ್ಲ. ಉಳಿದವರು ಹೋಗುತ್ತಲೇ ಇದ್ದರು.

ಒಂದು ಶುಕ್ರವಾರ ಎಲ್ಲರೂ ಮೇಲೆ ಹೋದ ಮೇಲೆ ಮನೀಷ್ ಬಂದ. ಪ್ರತಿ ವಾರ ನನ್ನನ್ನು ಕಾಣದವನ ಹಾಗೆ ದಾಟಿಹೋಗುತ್ತಿದ್ದವನು ಆ ದಿನ ನಿಂತ. ನನ್ನ ಮುಖ ನೋಡದೆ ಕೇಳಿದ:

"ಅಮ್ಮ... ಕೊನೆಗೆ ಇಂಜೆಕ್ಷನ್ ಕೇಳಿದ್ರಾ?"

ಸುಳ್ಳು ಹೇಳಬಹುದಿತ್ತು. ಅವನ ಅವಸ್ಥೆ ನೋಡಿದರೆ ಯಾರಾದರೂ ಹೇಳುತ್ತಿದ್ದರು. ಆದರೆ ಮೇಲೆ ಕೂತವನು ಹೇಳಿದ ಸುಳ್ಳಿಗೆ ನನ್ನದೊಂದು ಸೇರಿಸಲು ನನಗೆ ಮನಸ್ಸು ಬರಲಿಲ್ಲ.

"ಕೇಳಿದರು" ಎಂದೆ. "ಕೆಟ್ಟದ್ದಾದರೂ ಆಗಲಿ ಚುಚ್ಚು ಆಶಾ, ನನಗೆ ಮನೀಷನ ಮದುವೆ ನೋಡಬೇಕು ಅಂದರು. ನಾನು ಚುಚ್ಚಿದೆ. ಪ್ರಯೋಜನ ಆಗಲಿಲ್ಲ."

ಅವನು ಅಳಲಿಲ್ಲ. ಆಮೇಲೆ ತಿರುಗಿ, ಕಾರುಗಳನ್ನೂ ನೋಡದೆ ರಸ್ತೆ ದಾಟಿ ಹೋದ. ಬಳಗಕ್ಕೆ ಅವನು ಮತ್ತೆ ಬರಲಿಲ್ಲ ಎಂದು ಮೊಯ್ದೀನ್ ಕುಂಞಿ ಹೇಳಿದರು. ನಮ್ಮ ಮನೆಗೂ ಬರಲಿಲ್ಲ. ಸ್ವಲ್ಪ ದಿನ ಕಳೆದು ಊರಿಗೆ ಹೋದನಂತೆ.

ಚಳಿ ಶುರುವಾಗುವ ಹೊತ್ತಿಗೆ ಶ್ಯಾಮಸುಂದರ್ ಫ್ಲ್ಯಾಟು ಖಾಲಿ ಮಾಡಿದ. ನನಗೆ ಹೆದರಿ ಎಂದು ತಿಲಕ್ ನನ್ನನ್ನು ಖುಷಿಪಡಿಸಲು ಹೇಳಿದರು. ಹೆದರಿಯೂ ಅಲ್ಲ, ನಾಚಿಯೂ ಅಲ್ಲ. ಮಸ್ಕತ್‌ನಲ್ಲಿ ಇನ್ನೂ ದೊಡ್ಡ ಕೆಲಸ ಸಿಕ್ಕಿತ್ತು. ಹೊರಟ ದಿನ ಲಿಫ್ಟಿನಿಂದ ಇಳಿದು ಗೇಟಿಗೆ ಬಂದವನು ನನ್ನನ್ನು ನೋಡಿ, ಕೈ ಜೋಡಿಸಿ, "ನಿಮಗೆ ಒಳ್ಳೆಯದಾಗಲಿ" ಎಂದ. ಆ ಮುಖದಲ್ಲಿ ಒಂದು ಗೆರೆ ಇರಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವನ ಮುಖ.

ಅಲ್ಲಿಯೂ ಬಳಗ ಶುರುವಾಗಿದೆಯಂತೆ.